ದೇಶಾವಕಾಶಿಕ ವ್ರತವೂ ದುಡಿಮೆಯ ಮಿತಿಯೂ

ಶ್ರಾವಕನ ವ್ರತಗಳೆಂದರೆ ಉಪವಾಸ, ರಾತ್ರಿಭೋಜನ ತ್ಯಾಗ, ನೋಂಪಿ ಇವುಗಳೇ ಮೊದಲು ನೆನಪಿಗೆ ಬರುತ್ತವೆ. ಹನ್ನೆರಡು ವ್ರತಗಳ ಸಾಲಿನಲ್ಲಿ ದೇಶಾವಕಾಶಿಕದ ಹೆಸರನ್ನು ಬಾಯಿಪಾಠ ಮಾಡಿದವರು ಅನೇಕರಿದ್ದರೂ ಅದನ್ನು ನಿತ್ಯಜೀವನದಲ್ಲಿ ಆಚರಿಸುವವರು ವಿರಳ. ಆದರೆ ಮನೆಯಲ್ಲಿದ್ದೂ ಕಚೇರಿಯನ್ನು ಬಿಡಲಾರದ ಈ ಕಾಲದ ಗೃಹಸ್ಥನಿಗೆ ಹೆಚ್ಚು ಉಪಯುಕ್ತವಾದ ಔಷಧಿ ಈ ವ್ರತದಲ್ಲಿಯೇ ಇದೆ. ಅದು ಹೇಗೆಂಬುದೇ ಈ ಪಾಠದ ವಿಷಯ.

ಒಂದು ಚತುರ್ದಶಿಯ ದಿನ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ವಿಶ್ವವಿದ್ಯಾಲಯದ ಆವರಣವಾದ ಜ್ಞಾನಭಾರತಿಯ ಸುತ್ತಣ ಬಡಾವಣೆಗಳಲ್ಲಿ ಇಂತಹ ಒಂದು ಮನೆಯನ್ನು ವಾಚಕರು ಊಹಿಸಿಕೊಳ್ಳಬಹುದು. ಮನೆಯ ಯಜಮಾನನು ನಗರದ ಪೂರ್ವದ ತುದಿಯ ಕಂಪನಿಯೊಂದರಲ್ಲಿ ಅಧಿಕಾರಿ. 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಮೆಟ್ರೋದ ನೇರಳೆ ಮಾರ್ಗವು ಪೂರ್ಣಗೊಂಡ ಮೇಲೆ ಅವನ ಪ್ರಯಾಣ ಸುಗಮವಾಯಿತು. ಆದರೆ ಮನೆಗೆ ಬರುವ ಹೊತ್ತು ಮುಂಚಿತವಾಗಲಿಲ್ಲ. ಉಳಿದ ಸಮಯವನ್ನೂ ಕಚೇರಿಯೇ ತೆಗೆದುಕೊಂಡಿತು.

ಚತುರ್ದಶಿಯಂದು ಅವನು ರಜೆ ಪಡೆದು ಉಪವಾಸ ಮಾಡುತ್ತಾನೆ. ಬೆಳಿಗ್ಗೆ ಬಸದಿಗೆ ಹೋಗಿ ಅಭಿಷೇಕ ನೋಡಿ ಬರುತ್ತಾನೆ. ಅಲ್ಲಿಂದ ಮುಂದೆ ಮೊಬೈಲು ಕೈಯಿಂದ ಇಳಿಯುವುದಿಲ್ಲ. ಒಬ್ಬನಿಗೆ ಆದೇಶ, ಮತ್ತೊಬ್ಬನಿಗೆ ಗದರಿಕೆ, ಮೂರನೆಯವನಿಗೆ ಲೆಕ್ಕದ ಹಾಳೆ. ಜಪದ ಮಣಿ ಅರ್ಧಕ್ಕೇ ನಿಲ್ಲುತ್ತದೆ. ಸಂಜೆ ಅವನ ವೃದ್ಧ ತಾಯಿ ಹೇಳುತ್ತಾಳೆ: “ಮಗು, ಹೊಟ್ಟೆಗೆ ಉಪವಾಸ ಮಾಡಿಸಿದ್ದೀಯೆ, ಸರಿ. ಕೈ ಮಾತ್ರ ಬೆಳಗಿನಿಂದ ಉಣ್ಣುತ್ತಲೇ ಇದೆಯಲ್ಲ!”

“ಏನು ಮಾಡಲಮ್ಮ, ನಾನಿಲ್ಲದಿದ್ದರೆ ಅಲ್ಲಿ ಒಂದೂ ನಡೆಯುವುದಿಲ್ಲ” ಎಂದು ಅವನ ಉತ್ತರ.

ಆ ಉತ್ತರದಲ್ಲಿಯೇ ರೋಗದ ಮೂಲವಿದೆ.

ದುಡಿಮೆಯು ದೋಷವೆ?

ದುಡಿಮೆಯನ್ನು ಜೈನಧರ್ಮವು ಹೀನವೆಂದು ಭಾವಿಸಿಲ್ಲ. ಕಲ್ಪವೃಕ್ಷಗಳು ಮರೆಯಾಗಿ ಜನರು ದಿಕ್ಕುಗಾಣದಾದಾಗ ಅಸಿ, ಮಸಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಬೋಧಿಸಿದವನು ಆದಿತೀರ್ಥಂಕರನೇ. ಗೃಹಸ್ಥನಿಗೆ ಆರಂಭವನ್ನು, ಅಂದರೆ ಜೀವನೋಪಾಯದ ವ್ಯಾಪಾರಗಳನ್ನು, ಪೂರ್ಣವಾಗಿ ಬಿಡಬೇಕೆಂಬ ವಿಧಿಯಿಲ್ಲ. ಹನ್ನೊಂದು ಪ್ರತಿಮೆಗಳಲ್ಲಿ ಆರಂಭತ್ಯಾಗವು ಎಂಟನೆಯದಾಗಿ ಬರುತ್ತದೆ.

ಆದರೆ ಮಿತಿಯ ಮಾತು ಬೇರೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಬಹು ಆರಂಭ ಮತ್ತು ಬಹು ಪರಿಗ್ರಹಗಳನ್ನು ನರಕಾಯುವಿನ ಆಸ್ರವಕ್ಕೂ, ಅಲ್ಪ ಆರಂಭ ಮತ್ತು ಅಲ್ಪ ಪರಿಗ್ರಹಗಳನ್ನು ಮನುಷ್ಯಾಯುವಿನ ಆಸ್ರವಕ್ಕೂ ಕಾರಣವೆಂದು ಎಣಿಸಿದ್ದಾರೆ. ಪರಿಗ್ರಹದ ಲಕ್ಷಣವನ್ನು ಹೇಳುವಾಗ ಅವರು ವಸ್ತುವನ್ನು ಹೆಸರಿಸದೆ ಮೂರ್ಛೆಯನ್ನು ಹೆಸರಿಸಿದರು. ಚಿನ್ನದಲ್ಲಿ ಮೂರ್ಛೆಯಿರುವಂತೆ ಹುದ್ದೆಯಲ್ಲಿಯೂ ಇರಬಹುದು. ‘ನಾನಿಲ್ಲದೆ ನಡೆಯದು’ ಎಂಬ ಭಾವದಲ್ಲಿಯೂ ಇರಬಹುದು. ಹತ್ತನೆಯ ಶತಮಾನದ ಸೋಮದೇವ ಸೂರಿಗಳು ನೀತಿವಾಕ್ಯಾಮೃತದಲ್ಲಿ, ಧರ್ಮ, ಅರ್ಥ, ಕಾಮಗಳಲ್ಲಿ ಯಾವುದೊಂದನ್ನು ಅತಿಯಾಗಿ ಸೇವಿಸಿದರೂ ಅದು ತನ್ನನ್ನೂ ಉಳಿದೆರಡನ್ನೂ ಪೀಡಿಸುತ್ತದೆ ಎಂಬ ಅಭಿಪ್ರಾಯವನ್ನು ಕೊಟ್ಟಿದ್ದಾರೆ.

ಈ ಮೂರ್ಛೆಯನ್ನು ಹೊರಜಗತ್ತು ತಡವಾಗಿ ಗುರುತಿಸಿತು. ಅಮೆರಿಕದ ವೇಯ್ನ್ ಓಟ್ಸ್ ಎಂಬ ಧರ್ಮೋಪದೇಶಕರು ಮದ್ಯವ್ಯಸನಿಯ ಹೆಸರಿನ ಮಾದರಿಯಲ್ಲಿ ‘ವರ್ಕಾಹಾಲಿಕ್’ ಎಂಬ ಪದವನ್ನು ರೂಪಿಸಿ, 1971ರಲ್ಲಿ ತಮ್ಮದೇ ವ್ಯಸನವನ್ನು ಒಪ್ಪಿಕೊಂಡು ಪುಸ್ತಕ ಬರೆದರು. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಮೇಲೆ ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇಕಡ 35ರಷ್ಟು, ಹೃದ್ರೋಗದಿಂದ ಮರಣಹೊಂದುವ ಅಪಾಯ ಶೇಕಡ 17ರಷ್ಟು ಅಧಿಕ. 2016ರ ಒಂದೇ ವರ್ಷದಲ್ಲಿ ಇಂತಹ ದೀರ್ಘ ದುಡಿಮೆಯ ಫಲವಾಗಿ ಜಗತ್ತಿನಲ್ಲಿ ಸುಮಾರು 7,45,000 ಜನರು ಪ್ರಾಣ ತೆತ್ತರೆಂದು ಅದರ ಅಂದಾಜು.

ಬೆಂಗಳೂರಿನಲ್ಲಿ ಈ ಚರ್ಚೆ ಹೊಸದಲ್ಲ. 2023ರ ಅಕ್ಟೋಬರ್‌ನಲ್ಲಿ ಉದ್ಯಮಿ ಎನ್. ಆರ್. ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದುದು ದೇಶದಾದ್ಯಂತ ವಾದಕ್ಕೆ ಕಾರಣವಾಯಿತು. 2024ರ ಜುಲೈ ತಿಂಗಳಿನಲ್ಲಿ ಮಾಹಿತಿ ತಂತ್ರಜ್ಞಾನ ಸಂಸ್ಥೆಗಳಲ್ಲಿ ದಿನಕ್ಕೆ 14 ಗಂಟೆಗಳವರೆಗೆ ದುಡಿಸಲು ಅವಕಾಶ ಕೊಡುವ ಸಲಹೆ ಕರ್ನಾಟಕದಲ್ಲಿ ಬಂದಾಗ ನೌಕರರ ಸಂಘವು ಅದನ್ನು ವಿರೋಧಿಸಿತು. ಶ್ರಾವಕನು ತನ್ನ ಲೆಕ್ಕವನ್ನು ತಾನೇ ಹಾಕಬಹುದು. ಆರು ದಿನಗಳಲ್ಲಿ 70 ಗಂಟೆಯೆಂದರೆ ದಿನಕ್ಕೆ 11 ಗಂಟೆ 40 ನಿಮಿಷ. ಪ್ರಯಾಣಕ್ಕೆ 3 ಗಂಟೆ, ನಿದ್ರೆಗೆ 7 ಗಂಟೆ ಕಳೆದರೆ ಉಳಿಯುವುದು 2 ಗಂಟೆ 20 ನಿಮಿಷ. ಸ್ನಾನ, ದೇವದರ್ಶನ, ಸಾಮಾಯಿಕ, ಊಟ, ಮಕ್ಕಳ ಪಾಠ, ತಂದೆತಾಯಿಯರ ಯೋಗಕ್ಷೇಮ ಎಲ್ಲವೂ ಅಷ್ಟರಲ್ಲಿಯೇ ಆಗಬೇಕು. ಬೆಂಗಳೂರಿನಲ್ಲಿ ಸೂರ್ಯಾಸ್ತವು ವರ್ಷವಿಡೀ ಸುಮಾರು 5-50ರಿಂದ 6-50ರ ಒಳಗೆ ಆಗುವುದರಿಂದ, ರಾತ್ರಿ ಒಂಬತ್ತಕ್ಕೆ ಮನೆ ಸೇರುವವನ ರಾತ್ರಿಭೋಜನ ತ್ಯಾಗದ ಗತಿಯೇನೆಂಬುದನ್ನು ಹೇಳಬೇಕಾಗಿಲ್ಲ.

ವ್ರತದ ಸ್ವರೂಪ

ಜೀವಮಾನವಿಡೀ ಇಂತಿಂತಹ ದಿಕ್ಕಿನಲ್ಲಿ ಇಷ್ಟು ದೂರಕ್ಕಿಂತ ಮುಂದೆ ಹೋಗೆನೆಂಬುದು ದಿಗ್ವ್ರತ. ಆ ವಿಶಾಲವಾದ ಎಲ್ಲೆಯೊಳಗೆ ನಿಯತಕಾಲದವರೆಗೆ ಇನ್ನೂ ಕಿರಿದಾದ ಎಲ್ಲೆಯನ್ನು ಹಾಕಿಕೊಳ್ಳುವುದು ದೇಶವ್ರತ. ಉಮಾಸ್ವಾಮಿಗಳು ಇದನ್ನು ಗುಣವ್ರತಗಳಲ್ಲಿ ಸೇರಿಸಿದರೆ, ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದೇಶಾವಕಾಶಿಕವೆಂದು ಕರೆದು ಶಿಕ್ಷಾವ್ರತಗಳಲ್ಲಿ ಮೊದಲನೆಯದಾಗಿ ಇಟ್ಟಿದ್ದಾರೆ. ಮನೆ, ಗ್ರಾಮ, ಹೊಲ, ನದಿ ಮುಂತಾದವುಗಳು ಇದರ ಎಲ್ಲೆ; ವರ್ಷ, ಋತು, ತಿಂಗಳು, ಪಕ್ಷ ಮುಂತಾದವು ಇದರ ಅವಧಿ. ಎಲ್ಲೆಯಿಂದಾಚೆಗೆ ಸ್ಥೂಲ ಸೂಕ್ಷ್ಮ ಪಾಪಗಳೆರಡೂ ನಿಲ್ಲುವುದರಿಂದ, ಆ ಭಾಗದ ಮಟ್ಟಿಗೆ ಶ್ರಾವಕನು ಮಹಾವ್ರತಿಗೆ ಸಮಾನನಾಗುತ್ತಾನೆ. ಗೃಹಸ್ಥನಿಗೆ ಇದಕ್ಕಿಂತ ಸುಲಭವಾಗಿ ದೊರೆಯುವ ಉನ್ನತಿ ಯಾವುದು?

ಐದು ಅತಿಚಾರಗಳು

ದೇಹವನ್ನು ಎಲ್ಲೆಯೊಳಗೆ ಇಟ್ಟು ವ್ಯವಹಾರವನ್ನು ಹೊರಗೆ ನಡೆಸುವ ಮನಸ್ಸಿನ ಉಪಾಯಗಳನ್ನು ಆಚಾರ್ಯರು ಮೊದಲೇ ಬಲ್ಲವರಾಗಿದ್ದರು. ಆದುದರಿಂದಲೇ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದರು.

1. ಆನಯನ: ಎಲ್ಲೆಯ ಹೊರಗಿನ ವಸ್ತುವನ್ನು ತರಿಸಿಕೊಳ್ಳುವುದು. ಕಚೇರಿಯ ಕಡತವನ್ನು ಮನೆಗೆ ತರಿಸುವುದು ಇದೇ.

2. ಪ್ರೇಷ್ಯಪ್ರಯೋಗ: ತಾನು ಹೋಗದೆ ಸೇವಕನನ್ನು ಕಳುಹಿಸಿ ‘ಹೀಗೆ ಮಾಡು’ ಎಂದು ಮಾಡಿಸುವುದು. ಪರ್ವದಿನದಂದು ಕೈಕೆಳಗಿನವನಿಗೆ ಕೆಲಸ ಹಚ್ಚುವುದು ಇದರಲ್ಲಿ ಅಡಕ.

3. ಶಬ್ದಾನುಪಾತ: ಎಲ್ಲೆಯ ಒಳಗಿನಿಂದಲೇ ಶಬ್ದ ಮಾಡಿ ಹೊರಗಿನವರನ್ನು ಎಚ್ಚರಿಸುವುದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೆಲಸ ಮಾಡುತ್ತಿರುವ ಆಳುಗಳಿಗೆ ಕೇಳಲೆಂದು ಕೆಮ್ಮುವುದನ್ನೇ ಉದಾಹರಣೆಯಾಗಿ ಕೊಟ್ಟಿದ್ದಾರೆ. ಇಂದು ಆ ಕೆಮ್ಮಿನ ಸ್ಥಾನದಲ್ಲಿ ಫೋನಿನ ಕರೆಯಿದೆ.

4. ರೂಪಾನುಪಾತ: ತನ್ನ ರೂಪವನ್ನು ತೋರಿಸಿ ಕೆಲಸ ಸಾಧಿಸುವುದು. ಪರದೆಯ ಮೇಲೆ ಮುಖ ತೋರಿಸಿ ನಡೆಸುವ ಸಭೆಯು ಇದಕ್ಕೆ ಸಮಾನ.

5. ಪುದ್ಗಲಕ್ಷೇಪ: ಹೆಂಟೆ, ಕಲ್ಲು ಮುಂತಾದವನ್ನು ಎಸೆದು ಸೂಚನೆ ಕೊಡುವುದು. ಮಾತಿಲ್ಲದೆ ಕಳುಹಿಸುವ ಒಂದು ಸಾಲಿನ ಸಂದೇಶವು ಎಸೆದ ಕಲ್ಲೇ ಆಗಿದೆ.

ಮೇಲೆ ಹೇಳಿದ ಗೃಹಸ್ಥನು ಆ ಚತುರ್ದಶಿಯಂದು ಎಲ್ಲೆಯನ್ನು ಹಾಕಿಕೊಂಡಿದ್ದರೆ ಈ ಐದನ್ನೂ ಒಂದೇ ದಿನದಲ್ಲಿ ಮಾಡಿ ಮುಗಿಸುತ್ತಿದ್ದನು. ಪ್ರೋಷಧೋಪವಾಸದಲ್ಲಿಯೂ ಆಹಾರದ ಜೊತೆಗೆ ಆರಂಭವನ್ನು ಬಿಡಬೇಕೆಂಬ ವಿಧಿಯಿದೆ. ಅನ್ನವನ್ನು ಬಿಟ್ಟು ಆರಂಭವನ್ನು ಬಿಡದವನ ಉಪವಾಸವು ಅರ್ಧವೇ ಸರಿ.

ದುಡಿಸುವವರಿಗೆ ಒಂದು ಮಾತು

ಎಲ್ಲರೂ ಮೂರ್ಛೆಯಿಂದಲೇ ಅತಿಯಾಗಿ ದುಡಿಯುವುದಿಲ್ಲ. ಸಾಲದ ಕಂತು, ಕೆಲಸ ಹೋಗುವ ಭಯ, ಮೇಲಿನವರ ಒತ್ತಡ ಇವುಗಳಿಂದ ದುಡಿಯುವವರನ್ನು ಲೋಭಿಗಳೆಂದು ಜರೆಯುವುದು ಅಧರ್ಮ. ಅವರ ವಿಷಯದಲ್ಲಿ ದೋಷವು ದುಡಿಸುವವನ ಕಡೆಗೆ ತಿರುಗುತ್ತದೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಎತ್ತಿನ ಮೇಲೆ ಹೆಚ್ಚು ಮೂಟೆ ಹೇರಲು ಅಂಜುವ ಅಂಗಡಿಯ ಯಜಮಾನನು, ರಾತ್ರಿ ಹತ್ತರವರೆಗೆ ನಿಲ್ಲಿಸಿಕೊಳ್ಳುವ ಹುಡುಗನ ವಿಷಯದಲ್ಲಿಯೂ ಅಂಜಬೇಕು. 1948ರ ಕಾರ್ಖಾನೆಗಳ ಕಾಯಿದೆಯು ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸಿತ್ತು. ಶ್ರಾವಕನಿಗೆ ಕಾಯಿದೆಗಿಂತ ಮೊದಲೇ ವ್ರತವಿದೆ.

ಸ್ವೀಕರಿಸುವ ಕ್ರಮ

ಜೀವನಪರ್ಯಂತದ ತ್ಯಾಗ ಯಮ, ಕಾಲಮಿತಿಯುಳ್ಳದ್ದು ನಿಯಮ. ಆರಂಭಿಸುವವನು ನಿಯಮದಿಂದಲೇ ಆರಂಭಿಸುವುದು ಒಳ್ಳೆಯದು. ಅಷ್ಟಮಿ, ಚತುರ್ದಶಿಗಳಂದು, ಅಥವಾ ರಜೆ ದೊರೆಯದಿದ್ದರೆ ಪ್ರತಿದಿನ ಸಂಜೆ ಮನೆ ಸೇರಿದ ಸಮಯದಿಂದ ಮರುದಿನ ಸೂರ್ಯೋದಯದವರೆಗೆ, ಮನೆ ಮತ್ತು ಬಸದಿಗಳನ್ನು ಎಲ್ಲೆಯಾಗಿ ಮಾಡಿಕೊಂಡು, ದೇವ ಶಾಸ್ತ್ರ ಗುರುಗಳ ಸಾಕ್ಷಿಯಲ್ಲಿ ಸಂಕಲ್ಪಿಸಬೇಕು. ಐದು ಅತಿಚಾರಗಳ ಹೆಸರನ್ನು ಆಗಲೇ ಹೇಳಿಕೊಳ್ಳಬೇಕು. ವೈದ್ಯರು, ವಿದ್ಯುತ್ತು, ನೀರಿನ ಸರಬರಾಜಿನಲ್ಲಿರುವವರು ಪ್ರಾಣರಕ್ಷಣೆಯ ಕರೆಗಳನ್ನು ಸಂಕಲ್ಪದಲ್ಲಿಯೇ ಹೊರತುಪಡಿಸಬಹುದು. ಸಹೋದ್ಯೋಗಿಗಳಿಗೂ ಮುಂಚಿತವಾಗಿ ತಿಳಿಸಬೇಕು. ತನ್ನ ವ್ರತದ ಭಾರವು ಇನ್ನೊಬ್ಬನ ಮೇಲೆ ಬೀಳಬಾರದು. ಮೊಬೈಲನ್ನು ಮನೆಯ ಹಿರಿಯರ ವಶಕ್ಕೆ ಕೊಡುವುದು ಉತ್ತಮ. ಉಳಿದ ಕಾಲದಲ್ಲಿ ಎರಡು ಘಳಿಗೆ, ಅಂದರೆ 48 ನಿಮಿಷ, ಸಾಮಾಯಿಕಕ್ಕೆ ಮೀಸಲಾಗಲಿ. ನಿದ್ರೆಯೇ ಬಾರದಂತಹ ಚಿಂತೆ, ಎದೆಯ ಒತ್ತಡ, ಕುಡಿತದ ಮೊರೆ ಇವು ಕಂಡರೆ ವ್ರತದ ಜೊತೆಗೆ ವೈದ್ಯರ ಸಲಹೆಯೂ ಅವಶ್ಯಕ. ಅದರಲ್ಲಿ ನಾಚಿಕೆಗೆ ಎಡೆಯಿಲ್ಲ.

‘ಹೊಣೆಗಾರಿಕೆಯುಳ್ಳವನಿಗೆ ಇದೆಲ್ಲ ಸಾಧ್ಯವೆ?’ ಎಂದು ಕೇಳುವವರು ಚಾವುಂಡರಾಯನನ್ನು ನೆನೆಯಬೇಕು. ಗಂಗರಾಜ್ಯದ ಮಂತ್ರಿಯೂ ಸೇನಾಪತಿಯೂ ಆಗಿದ್ದ ಆತನಿಗಿಂತ ಹೆಚ್ಚಿನ ಕಾರ್ಯಭಾರ ಯಾರಿಗಿದ್ದೀತು? ಆದರೂ ಆತನು 978ರಲ್ಲಿ ಮಹಾಪುರಾಣವನ್ನು ಕನ್ನಡ ಗದ್ಯದಲ್ಲಿ ಬರೆದನು, ಗುರುಗಳ ಬಳಿ ಶಾಸ್ತ್ರವನ್ನು ಕೇಳಿದನು, ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದನು. ಆತನು ನಡೆಸಿದ ರಾಜ್ಯ ಇಂದಿಲ್ಲ. ರಾಜ್ಯದ ಕೆಲಸದಿಂದ ಬಿಡುವು ಮಾಡಿಕೊಂಡು ಮಾಡಿದುದು ಮಾತ್ರ ಉಳಿದಿದೆ.

ಮುಂದಿನ ಚತುರ್ದಶಿಯಂದು ಜ್ಞಾನಭಾರತಿಯ ಆ ಗೃಹಸ್ಥನು ಮೊಬೈಲನ್ನು ತಾಯಿಯ ಕೈಗೆ ಕೊಟ್ಟು ಜಪಕ್ಕೆ ಕುಳಿತನೆಂದು ಭಾವಿಸಿದರೆ, ಮೊದಲ ಒಂದು ಗಂಟೆ ಅವನ ಕೈ ಅದನ್ನೇ ಹುಡುಕೀತು. ಮರುದಿನ ಪಾರಣೆ ಮುಗಿಸಿ ಕಚೇರಿಗೆ ಹೋದಾಗ, ಅಲ್ಲಿನ ಕೆಲಸ ಅವನಿಲ್ಲದೆಯೂ ನಡೆದಿರುವುದನ್ನು ಕಾಣುವನು. ಅದರಿಂದ ಅವನಿಗೆ ಮೊದಲು ಸ್ವಲ್ಪ ನೋವಾದೀತು. ಆ ನೋವು ಮೂರ್ಛೆ ಸಡಿಲುವುದರ ಲಕ್ಷಣವೆಂದು ಅವನು ತಿಳಿದರೆ ವ್ರತವು ಫಲಿಸಿದಂತೆಯೇ.

ಮನನಕ್ಕೆ ಪ್ರಶ್ನೆಗಳು

1. ದಿಗ್ವ್ರತಕ್ಕೂ ದೇಶವ್ರತಕ್ಕೂ ಇರುವ ಭೇದವೇನು?
2. ಕಳೆದ ಪರ್ವದಿನದಂದು ಮನೆಯಲ್ಲಿ ನಡೆದ ಅತಿಚಾರಗಳು ಯಾವುವು?
3. ಮನೆಯ ಅಂಗಡಿಯಲ್ಲಿ ಅಥವಾ ಕಚೇರಿಯಲ್ಲಿ ಅತಿಭಾರಾರೋಪಣವು ಯಾರ ಮೇಲೆ ಆಗುತ್ತಿದೆ?