ನಿಮ್ಮ ಲ್ಯಾಬ್ ರಿಪೋರ್ಟ್ ಗಡಿ ದಾಟೀತೇ?

ಬ್ಯಾಡಗಿ ಮೆಣಸಿನಕಾಯಿಯನ್ನು ಯುರೋಪಿಗೆ ಕಳಿಸಲು ಹೊರಟವರಿಂದ ಅಲ್ಲಿನ ಖರೀದಿದಾರ ಸಾಮಾನ್ಯವಾಗಿ ಕೇಳುವ ಕಾಗದ ಅಫ್ಲಾಟಾಕ್ಸಿನ್ ರಿಪೋರ್ಟ್. ಸರಿಯಾಗಿ ಒಣಗದ ಕಾಯಿಗೆ ಹಿಡಿಯುವ ಬೂಸ್ಟು ಬಿಡುವ ವಿಷ ಅದು. ರಿಪೋರ್ಟ್ ಮಾಡಿಸುವುದೇನೂ ಕಷ್ಟವಲ್ಲ, ಲ್ಯಾಬುಗಳು ಬೇಕಾದಷ್ಟಿವೆ. ಆದರೆ ಹೊರಗಿನವರೂ ಒಪ್ಪುವ ರಿಪೋರ್ಟ್ ಬೇಕೆಂದರೆ ಹಣ ಕಟ್ಟುವ ಮೊದಲೇ ಕೆಲವನ್ನು ನೋಡಿಕೊಳ್ಳಬೇಕು.

ಮೊದಲು ಮುದ್ರೆ. ನಮ್ಮಲ್ಲಿ ಪರೀಕ್ಷಾಲಯಗಳಿಗೆ ಮಾನ್ಯತೆ ಕೊಡುವುದು ಗುರುಗ್ರಾಮದಲ್ಲಿರುವ ಎನ್‌ಎಬಿಎಲ್. ಅದರ ಅಳತೆಗೋಲು ಐಎಸ್‌ಒ/ಐಇಸಿ 17025 ಎಂಬ ಮಾನದಂಡ. ಲ್ಯಾಬಿನ ಹಳೆಯ ರಿಪೋರ್ಟ್ ಒಂದರ ನಮೂನೆ ಕೇಳಿ. ಎನ್‌ಎಬಿಎಲ್ ಮುದ್ರೆಯ ಜತೆ ‘ಟಿಸಿ’ ಎಂದು ಶುರುವಾಗುವ ಸಂಖ್ಯೆ ಇರಬೇಕು. ಪಕ್ಕದಲ್ಲಿ ‘ಐಲ್ಯಾಕ್-ಎಂಆರ್‌ಎ’ ಗುರುತೂ ಇದ್ದರೆ ಹೊರದೇಶದ ವ್ಯವಹಾರಕ್ಕೆ ಅನುಕೂಲ. 2000ದ ನವೆಂಬರಿನಲ್ಲಿ ವಾಷಿಂಗ್ಟನ್‌ನಲ್ಲಿ ಸಹಿಯಾಗಿ, 2001ರ ಜನವರಿ 31ರಿಂದ ಜಾರಿಗೆ ಬಂದ ಪರಸ್ಪರ ಮಾನ್ಯತೆಯ ಒಪ್ಪಂದದ ಗುರುತು ಇದು. ಒಂದು ದೇಶದ ಮಾನ್ಯ ಲ್ಯಾಬ್ ಕೊಟ್ಟ ಫಲಿತಾಂಶವನ್ನು ಇನ್ನೊಂದು ದೇಶ ನಂಬಲು ಇದೇ ಆಧಾರ.

ಆಮೇಲೆ ವ್ಯಾಪ್ತಿ. ಹೆಚ್ಚಿನವರು ಎಡವುವುದು ಇಲ್ಲೇ. ಮಾನ್ಯತೆ ಸಿಗುವುದು ಇಡೀ ಲ್ಯಾಬಿಗಲ್ಲ, ಅದು ಪಟ್ಟಿ ಕೊಟ್ಟ ಪರೀಕ್ಷೆಗಳಿಗೆ ಮಾತ್ರ. ನೀರು ಪರೀಕ್ಷೆಗೆ ಮಾನ್ಯತೆ ಪಡೆದ ಲ್ಯಾಬಿನ ಬೋರ್ಡಿನಲ್ಲೂ ‘ಎನ್‌ಎಬಿಎಲ್ ಮಾನ್ಯ’ ಎಂದೇ ಇರುತ್ತದೆ. ಎನ್‌ಎಬಿಎಲ್ ಜಾಲತಾಣದಲ್ಲಿ ಆ ಲ್ಯಾಬಿನ ವ್ಯಾಪ್ತಿಯ ಪಟ್ಟಿ ತೆರೆದು, ಮಸಾಲೆ ಪದಾರ್ಥದ ಎದುರು ಅಫ್ಲಾಟಾಕ್ಸಿನ್ ಇದೆಯೇ, ಯಾವ ವಿಧಾನ, ಎಷ್ಟು ಕಡಿಮೆ ಪ್ರಮಾಣದವರೆಗೆ ಅಳೆಯಬಲ್ಲರು, ಅವಧಿ ಎಂದಿಗೆ ಮುಗಿಯುತ್ತದೆ ಎಂಬುದನ್ನು ನೋಡಿ. ‘ಪತ್ತೆಯಾಗಿಲ್ಲ’ ಎಂಬ ಷರಾಕ್ಕೆ ‘ನಮ್ಮ ಯಂತ್ರ ಅಳೆಯುವ ಮಟ್ಟಕ್ಕಿಂತ ಕಡಿಮೆ’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ.

ರಿಪೋರ್ಟ್ ಕೈಗೆ ಬಂದ ಮೇಲೆ ಮೇಲ್ಭಾಗದಲ್ಲಿ ಯುಎಲ್‌ಆರ್ ಎಂಬ ಉದ್ದನೆಯ ಸಂಖ್ಯೆ ಹುಡುಕಿ. ಲ್ಯಾಬಿನ ಟಿಸಿ ಸಂಖ್ಯೆ, ಇಸವಿಯ ಕೊನೆಯ ಎರಡು ಅಂಕಿ, ರಿಪೋರ್ಟಿನ ಕ್ರಮಸಂಖ್ಯೆ ಎಲ್ಲ ಅದರೊಳಗಿರುತ್ತವೆ. ಕೊನೆಯಲ್ಲಿ ‘ಎಫ್’ ಇದ್ದರೆ ಆ ರಿಪೋರ್ಟಿನ ಪರೀಕ್ಷೆಗಳೆಲ್ಲ ಮಾನ್ಯತೆಯ ವ್ಯಾಪ್ತಿಯವು. ‘ಪಿ’ ಇದ್ದರೆ ಕೆಲವು ಮಾತ್ರ. ನಿಮಗೆ ಬೇಕಾದದ್ದು ಯಾವ ಗುಂಪಿನಲ್ಲಿದೆ ಎಂದು ಕೇಳಲು ಸಂಕೋಚ ಬೇಡ.

ಮಿತಿ ಯಾವ ದೇಶದ್ದು? ಭಾರತದ ಆಹಾರ ನಿಯಮ ಮಸಾಲೆಯಲ್ಲಿ ಒಟ್ಟು ಅಫ್ಲಾಟಾಕ್ಸಿನ್ ಕಿಲೋಗೆ 30 ಮೈಕ್ರೋಗ್ರಾಂವರೆಗೆ ಒಪ್ಪುತ್ತದೆ. ಯುರೋಪಿನ ಒಕ್ಕೂಟದಲ್ಲಿ ಒಣ ಮೆಣಸಿನಕಾಯಿಗೆ ಒಟ್ಟು 10, ಅದರಲ್ಲಿ ಬಿ1 ಬಗೆ 5 ಮೀರುವಂತಿಲ್ಲ. ಹಾಗಾಗಿ 18 ಬಂದ ಸರಕು ಇಲ್ಲಿ ಪಾಸು, ಅಲ್ಲಿ ವಾಪಸು. ಐಲ್ಯಾಕ್ ಗುರುತು ‘18 ಎಂಬ ಅಂಕಿ ನಂಬುವಂಥದ್ದು’ ಎನ್ನುತ್ತದೆಯೇ ಹೊರತು ‘ಸರಕು ಒಳಗೆ ಬಿಡಿ’ ಎನ್ನುವುದಿಲ್ಲ. ಆದ್ದರಿಂದ ಸ್ಯಾಂಪಲ್ ಕೊಡುವಾಗಲೇ ಯಾವ ದೇಶದ ಮಿತಿಗೆ ಹೋಲಿಸಬೇಕೆಂದು ಅರ್ಜಿಯಲ್ಲಿ ಬರೆಯಿರಿ. ಬಂದರಿನಲ್ಲಿ ಅವರು ಮತ್ತೊಮ್ಮೆ ಪರೀಕ್ಷಿಸುವ ಹಕ್ಕೂ ಉಳಿದೇ ಇರುತ್ತದೆ. ಮೆಣಸಿನಕಾಯಿ ರಫ್ತಿಗೆ ಸ್ಪೈಸಸ್ ಬೋರ್ಡ್ ವಿಧಿಸಿರುವ ಕಡ್ಡಾಯ ಪರೀಕ್ಷೆಗಳು ಬೇರೆ. ಖಾಸಗಿ ಲ್ಯಾಬಿನ ರಿಪೋರ್ಟ್ ಇದೆಯೆಂದು ಅವನ್ನು ಬಿಡಲಾಗದು.

ಸ್ಯಾಂಪಲ್ ತೆಗೆದವರು ಯಾರು? ಬೂಸ್ಟು ರಾಶಿಯ ಉದ್ದಕ್ಕೂ ಸಮವಾಗಿ ಹಬ್ಬುವುದಿಲ್ಲ. ಒಂದು ಚೀಲದ ಮೂಲೆಯಲ್ಲಿರುತ್ತದೆ, ಪಕ್ಕದ ಹತ್ತು ಚೀಲದಲ್ಲಿ ಇರುವುದಿಲ್ಲ. ಮೇಲಿನ ಚೀಲದಿಂದ ಒಂದು ಬೊಗಸೆ ಚಂದದ ಕಾಯಿ ಆರಿಸಿ ಲ್ಯಾಬಿಗೆ ಕೊಟ್ಟರೆ ರಿಪೋರ್ಟ್ ಚಂದವೇ ಬರುತ್ತದೆ. ಆದರೆ ಅದರಲ್ಲಿ ‘ಈ ಫಲಿತಾಂಶ ನಮಗೆ ತಲುಪಿದ ಮಾದರಿಗೆ ಮಾತ್ರ’ ಎಂಬ ಸಾಲೂ ಇರುತ್ತದೆ, ಖರೀದಿದಾರ ಅದನ್ನು ಓದಿಯೇ ಓದುತ್ತಾನೆ. ದೊಡ್ಡ ಸರಕಾದರೆ ಖರ್ಚು ಹೆಚ್ಚಾದರೂ ಸ್ಯಾಂಪಲ್ ತೆಗೆಯಲು ಲ್ಯಾಬಿನವರನ್ನೇ ಗೋದಾಮಿಗೆ ಕರೆಸಿ.

ಖರೀದಿದಾರ ಐಎಸ್‌ಒ 22000ದಂಥ ಆಹಾರ ಸುರಕ್ಷತಾ ವ್ಯವಸ್ಥೆಯ ಪ್ರಮಾಣಪತ್ರವನ್ನೂ ಕೇಳಿದರೆ, ಅದು ಬೇರೆಯೇ ದಾರಿ. ಐಎಸ್‌ಒ ತಾನು ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಕೊಡುವ ಸಂಸ್ಥೆಗೆ ನಮ್ಮ ದೇಶದ ಮಾನ್ಯತಾ ಮಂಡಳಿಯಾದ ಎನ್‌ಎಬಿಸಿಬಿ ಅಥವಾ ಅಂಥದೇ ಹೊರದೇಶದ ಮಂಡಳಿಯ ಮಾನ್ಯತೆ ಇದೆಯೇ ನೋಡಿ. ವಾಟ್ಸಾಪಿನಲ್ಲಿ ಎರಡೇ ದಿನದಲ್ಲಿ ಕೊಡಿಸುತ್ತೇವೆ ಎನ್ನುವವರ ಕಾಗದ ಗೋಡೆಗೆ ತೂಗುಹಾಕಲು ಸಾಕು, ಅಷ್ಟೆ.

ಕೊನೆಯದಾಗಿ, ಪ್ಯಾಕೆಟ್ಟಿನ ಮೇಲೆ ಎನ್‌ಎಬಿಎಲ್ ಮುದ್ರೆ ಅಚ್ಚು ಹಾಕಿಸಬೇಡಿ. ಅದು ಲ್ಯಾಬಿಗೆ ಸಿಕ್ಕ ಮಾನ್ಯತೆ, ನಿಮ್ಮ ಮೆಣಸಿನಪುಡಿಗೆ ಸಿಕ್ಕದ್ದಲ್ಲ, ಸರಕಿನ ಮೇಲೆ ಅದನ್ನು ಬಳಸಲು ನಿಯಮದಲ್ಲಿ ಅವಕಾಶವಿಲ್ಲ.