ಸೈಟು ಕೊಳ್ಳುವ ಮುಂಚೆ ನಂಬರು ಓದೋಣ

ಹೊಸೂರು, ಬಾಗಲೂರು, ಬೇರಿಕೆ ಕಡೆ ಬಸ್ಸಿನಲ್ಲಿ ಹೋಗುವಾಗ ರಸ್ತೆಯ ಪಕ್ಕ ನೋಡಿ. ಮೊದಲು ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಣ್ಣ ಬಳಿದ ಕಲ್ಲುಗಳು ನಿಂತಿವೆ. ಒಂದು ಕಮಾನು, ನಾಲ್ಕು ಬಾವುಟ, ಒಂದು ದೊಡ್ಡ ಬೋರ್ಡು. ಸೈಟು ಮಾರುವವರು ನಮ್ಮ ಹತ್ತಿರ ಕನ್ನಡದಲ್ಲೇ ಚೆನ್ನಾಗಿ ಮಾತಾಡುತ್ತಾರೆ. ಆದರೆ ಪತ್ರ ಕನ್ನಡದಲ್ಲಿ ಇರುವುದಿಲ್ಲ. ಹೆಚ್ಚಾಗಿ ತಮಿಳಿನಲ್ಲಿ ಇರುತ್ತದೆ.

"ನಾವು ಕಲಿತದ್ದು ಕನ್ನಡ. ಪತ್ರ ತಮಿಳಲ್ಲಿ. ಓದೋದು ಹೇಗೆ?" ಅಂತ ಕೇಂದ್ರಗಳಲ್ಲಿ ಬಹಳ ಜನ ಕೇಳುತ್ತಾರೆ. ಅರ್ಧ ಉತ್ತರ ನಿಮ್ಮ ಹತ್ತಿರವೇ ಇದೆ. ಪತ್ರದಲ್ಲಿರುವ ಅಂಕಿಗಳು ನೀವು ಕಲಿತ 1, 2, 3 ಅವೇ. ಸರ್ವೆ ನಂಬರು ಓದುವುದಕ್ಕೆ ತಮಿಳು ಬೇಡ. ಸೈಟಿನ ಅಳತೆ ಓದುವುದಕ್ಕೂ ಬೇಡ. ತಾರೀಖು, ಪತ್ರದ ನಂಬರು, ರೂಪಾಯಿ, ಇವೂ ಅಂಕಿಗಳೇ. ಮೋಸ ಹೆಚ್ಚಾಗಿ ಅಡಗಿರುವುದು ಈ ಅಂಕಿಗಳಲ್ಲೇ.

ಒಂದು ಸೈಟು ಅಂದರೆ ಹತ್ತು ಹದಿನೈದು ವರ್ಷದ ದುಡಿಮೆ. ಚೀಟಿ ಎತ್ತಿದ ಹಣ, ಒಡವೆ ಮಾರಿದ ಹಣ, ಮಗ ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ಮಾಡಿ ಉಳಿಸಿದ ಹಣ. ಅದಕ್ಕೇ ಈ ಪಾಠ ಸ್ವಲ್ಪ ಉದ್ದ ಇದೆ. ಎರಡು ದಿನ ಓದಿ, ಪರವಾಗಿಲ್ಲ.

ಮೂರು ಕಾಗದ

ಯಾರೇ ಸೈಟು ತೋರಿಸಲಿ, ಮೊದಲು ಮೂರು ಕಾಗದದ ಜೆರಾಕ್ಸ್ ಕೇಳಿ. ಮೊದಲನೆಯದು ಕ್ರಯಪತ್ರ. ತಮಿಳಿನಲ್ಲಿ ಕಿರಯ ಪತ್ತಿರಂ ಅನ್ನುತ್ತಾರೆ. ಮಾರುವವನಿಗೆ ಆ ಜಮೀನು ಹೇಗೆ ಬಂತು ಅಂತ ಅದು ಹೇಳುತ್ತದೆ. ಎರಡನೆಯದು ಪಟ್ಟಾ. ಅದು ಕಂದಾಯ ಇಲಾಖೆಯ ಕಾಗದ. ಜಮೀನು ಯಾರ ಹೆಸರಲ್ಲಿದೆ, ಎಷ್ಟಿದೆ ಅಂತ ಅದರಲ್ಲಿ ಇರುತ್ತದೆ. ಮೂರನೆಯದು ವಿಲ್ಲಂಗ ಸರ್ಟಿಫಿಕೇಟು. ಎಲ್ಲರೂ ಇ.ಸಿ. ಅನ್ನುವುದು ಇದಕ್ಕೇ. ಆ ಸರ್ವೆ ನಂಬರಿನ ಮೇಲೆ ರಿಜಿಸ್ಟರ್ ಆದ ವ್ಯವಹಾರಗಳು ಇದರಲ್ಲಿ ಸಾಲಾಗಿ ಬರುತ್ತವೆ.

ಮೂರನ್ನೂ ಚಾಪೆಯ ಮೇಲೆ ಪಕ್ಕಪಕ್ಕ ಇಡಿ. ಮೂರರಲ್ಲೂ ಸರ್ವೆ ನಂಬರು ಹುಡುಕಿ. ಉದಾಹರಣೆಗೆ 84/2ಬಿ ಅಂತ ಇರಬಹುದು. 84 ದೊಡ್ಡ ನಂಬರು. ಗೆರೆಯ ಆಚೆ ಇರುವ 2ಬಿ ಅದರೊಳಗಿನ ತುಂಡು. ಆ ತುಂಡಿನ ನಂಬರಿನಲ್ಲೇ ಜನ ಎಡವುವುದು. 84/2ಬಿ ಬೇರೆ, 84/2 ಬೇರೆ, 84/3ಬಿ ಬೇರೆ. ತೋರಿಸುವುದು ರಸ್ತೆ ಪಕ್ಕದ ಜಾಗ, ಪತ್ರದಲ್ಲಿರುವುದು ಹಿಂದಿನ ಹಳ್ಳದ ಜಾಗ, ಹೀಗೂ ಆಗುತ್ತದೆ. ಒಂದು ಅಕ್ಷರ ಬೇರೆ ಇದ್ದರೂ "ಯಾಕೆ ಬೇರೆ?" ಅಂತ ಕೇಳಿ. "ಅದು ಟೈಪಿಂಗ್ ಮಿಸ್ಟೇಕು" ಅಂದರೆ, ಸರಿಮಾಡಿಸಿಕೊಂಡು ಬಾ ಅನ್ನಿ. ಆಮೇಲೆ ದುಡ್ಡಿನ ಮಾತು.

ಹೆಸರು ತಮಿಳಿನಲ್ಲಿರುತ್ತದೆ. ಅದನ್ನು ಓದುವುದಕ್ಕೆ ಶಾಲೆಗೆ ಹೋಗುವ ಮಕ್ಕಳು ಸಾಕು. ನಮ್ಮ ಮಕ್ಕಳು ಶಾಲೆಯಲ್ಲಿ ತಮಿಳು ಕಲಿಯುತ್ತಾರಲ್ಲ, ಅವರ ಕೈಲಿ ಓದಿಸಿ. ಬ್ರೋಕರನ ಕೈಲಿ ಓದಿಸಬೇಡಿ.

ಪಟ್ಟಾದಲ್ಲಿ ಒಂದೇ ಹೆಸರಿದ್ದರೆ ಅದು ತನಿ ಪಟ್ಟಾ. ನಾಲ್ಕಾರು ಹೆಸರಿದ್ದರೆ ಕೂಟ್ಟು ಪಟ್ಟಾ, ಅಂದರೆ ಜಂಟಿ. ಜಂಟಿಯಲ್ಲಿ ಒಬ್ಬರೇ ಬಂದು "ಇದು ನನ್ನ ಭಾಗ" ಅಂತ ಬೆರಳು ತೋರಿಸಿದರೆ ಸಾಲದು. ಭಾಗ ಆಗಿದೆ ಅನ್ನುವುದಕ್ಕೆ ಪಾಲುಪಟ್ಟಿ ಇರಬೇಕು, ಇಲ್ಲವಾದರೆ ಎಲ್ಲರ ಸಹಿ ಇರಬೇಕು. ಇಲ್ಲಿ ಒಂದು ಮಾತು. ಅಣ್ಣತಮ್ಮಂದಿರು ಸಹಿ ಹಾಕುತ್ತಾರೆ, ಅಕ್ಕತಂಗಿಯರನ್ನು ಮರೆಯುತ್ತಾರೆ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ 2005ರಲ್ಲಿ ಕಾನೂನು ಆಗಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಸ್ಪಷ್ಟ ಮಾಡಿತು. ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕಾಗಿರಲಿಲ್ಲ ಎಂದು ಹೇಳಿತು. ಮದುವೆಯಾಗಿ ಆನೇಕಲ್ಲಿಗೋ ಮಾಲೂರಿಗೋ ಹೋದ ಮಗಳು ನಾಳೆ ಕೋರ್ಟಿಗೆ ಹೋದರೆ, ನೀವು ಕಟ್ಟಿದ ಗೋಡೆಗೆ ತಡೆ ಬರಬಹುದು. ತಪ್ಪು ಅವಳದಲ್ಲ. ಆದ್ದರಿಂದ ಮಾರುವವರ ಮನೆಯಲ್ಲಿ ಹೆಣ್ಣುಮಕ್ಕಳು ಎಷ್ಟು ಜನ ಅಂತ ವಿಚಾರಿಸಿ. ವಾರಸುದಾರರ ಸರ್ಟಿಫಿಕೇಟು ನೋಡಿ.

ಇ.ಸಿ. ನೋಡುವುದು ಕಷ್ಟವಿಲ್ಲ. ಸೈಟು ಇರುವ ಊರಿನ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಸಿಗುತ್ತದೆ. ರಿಜಿಸ್ಟ್ರೇಷನ್ ಇಲಾಖೆಯ ವೆಬ್‌ಸೈಟಿನಲ್ಲಿ ದುಡ್ಡು ಕೊಡದೆಯೂ ನೋಡಬಹುದು. ಮಾರುವವರು ಕೊಟ್ಟ ಪ್ರತಿ ನಂಬಬೇಡಿ. ನೀವೇ ತೆಗೆಸಿ. ಐದು ವರ್ಷದ್ದು ಸಾಲದು, ಮೂವತ್ತು ವರ್ಷದ್ದು ಬೇಕು. ಅದರಲ್ಲಿ ಅಡಮಾನಂ ಅನ್ನುವ ಪದ ಹುಡುಕಿಸಿ. ಕನ್ನಡದಲ್ಲೂ ಅಡಮಾನವೇ. ಅಡಮಾನದ ಸಾಲು ಇದ್ದು, ಆಮೇಲೆ ಅದು ತೀರಿದ ರಸೀದಿನ ಸಾಲು ಇಲ್ಲದಿದ್ದರೆ, ಸಾಲ ಇನ್ನೂ ಇದೆ ಅಂತಲೇ ತಿಳಿಯಿರಿ. ಇನ್ನೊಂದು. ರಿಜಿಸ್ಟರ್ ಆಗದ ವ್ಯವಹಾರ ಇ.ಸಿ.ಯಲ್ಲಿ ಕಾಣುವುದಿಲ್ಲ. ಬಾಯಿ ಮಾತಿನ ಪಾಲು, ಹಳೇ ಜಗಳ, ಇವೆಲ್ಲ ಪಕ್ಕದ ಹೊಲದವರಿಗೆ ಗೊತ್ತಿರುತ್ತದೆ. ಬ್ರೋಕರು ಇಲ್ಲದಿರುವಾಗ ಹೋಗಿ, ಬೀಡಿ ಸೇದುತ್ತ ಕೂತಿರುವ ತಾತನ ಹತ್ತಿರ ಮಾತಾಡಿ. ವಕೀಲರಿಗೆ ಗೊತ್ತಿಲ್ಲದ್ದು ಆ ತಾತನಿಗೆ ಗೊತ್ತಿರುತ್ತದೆ.

"ಅಪ್ರೂವಲ್ ಆಗಿದೆ ಅಕ್ಕಾ"

ಇದು ಎಲ್ಲರೂ ಹೇಳುವ ಮಾತು. ಯಾರ ಅಪ್ರೂವಲ್ ಅಂತ ಕೇಳಿ. "ಪಂಚಾಯತಿ ಅಪ್ರೂವಲ್" ಅಂದರೆ ಅದು ಸಾಲದು. ತಮಿಳುನಾಡಿನಲ್ಲಿ ಲೇಔಟಿಗೆ ನಗರ ಮತ್ತು ಗ್ರಾಮ ಯೋಜನೆ ಇಲಾಖೆಯ ಅನುಮತಿ ಬೇಕು. ಎಲ್ಲರೂ ಡಿ.ಟಿ.ಸಿ.ಪಿ. ಅನ್ನುವುದು ಇದಕ್ಕೇ. ಅನುಮತಿಗೆ ಒಂದು ನಂಬರು, ಒಂದು ವರ್ಷ, ಒಂದು ನಕ್ಷೆ ಇರುತ್ತದೆ. ನಕ್ಷೆಯಲ್ಲಿ ನಿಮ್ಮ ಸೈಟಿನ ನಂಬರು ಇರಬೇಕು. ಕೆಲವು ಕಡೆ ನಕ್ಷೆಯಲ್ಲಿ ಪಾರ್ಕು ಅಂತ ಬಿಟ್ಟ ಜಾಗವನ್ನೂ ಕಲ್ಲು ನೆಟ್ಟು ಮಾರುತ್ತಾರೆ.

2016ರ ಸೆಪ್ಟೆಂಬರಿನಲ್ಲಿ ಮದ್ರಾಸ್ ಹೈಕೋರ್ಟು, ಅನುಮತಿ ಇಲ್ಲದ ಲೇಔಟಿನ ಸೈಟುಗಳನ್ನು ರಿಜಿಸ್ಟರ್ ಮಾಡಬಾರದು ಎಂದು ಆದೇಶ ಕೊಟ್ಟಿತು. ಸೈಟು ಕೊಂಡಿದ್ದ ಬಡವರು ಮಾರಲೂ ಆಗದೆ ಕಟ್ಟಲೂ ಆಗದೆ ಕಂಗಾಲಾದರು. 2017ರಲ್ಲಿ ಸರ್ಕಾರ ಸಕ್ರಮದ ನಿಯಮ ತಂದಿತು. 2016ರ ಅಕ್ಟೋಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ಸೈಟುಗಳಿಗೆ ಶುಲ್ಕ ಕಟ್ಟಿ ಸಕ್ರಮ ಮಾಡಿಸುವ ದಾರಿ ಆಯಿತು. ಆದ್ದರಿಂದ ಹಳೇ ಸೈಟು ಕೊಳ್ಳುವವರು ಈ ತಾರೀಖನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. "ಮುಂದೆ ರೆಗ್ಯುಲರ್ ಆಗ್ತದೆ" ಅನ್ನುವ ಮಾತಿಗೆ ಬೆಲೆ ಕೊಡಬೇಡಿ. ಆದ ಮೇಲೆ ಕೊಳ್ಳೋಣ.

ಹೊಸ ಲೇಔಟಾದರೆ ರೇರಾ ನಂಬರು ಕೂಡ ಕೇಳಿ. 500 ಚದರ ಮೀಟರಿಗಿಂತ ದೊಡ್ಡದಾಗಿ, ಎಂಟಕ್ಕಿಂತ ಹೆಚ್ಚು ಸೈಟು ಇರುವ ಲೇಔಟನ್ನು ಮಾರುವ ಮುಂಚೆ ರೇರಾದಲ್ಲಿ ನೋಂದಾಯಿಸಬೇಕು. ಅಂಥ ಕಡೆ, ಬರೆದು ರಿಜಿಸ್ಟರ್ ಮಾಡಿದ ಕರಾರು ಇಲ್ಲದೆ ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ.

ಕೆಲವು ಜಾಗ ಯಾವ ಕಾಗದ ಇದ್ದರೂ ಬೇಡ. ಪುರಂಬೋಕು ಅಂದರೆ ಸರ್ಕಾರದ್ದು. ಏರಿ ಅಂತ ತಮಿಳಿನಲ್ಲಿ ಇದ್ದರೆ ಅದು ನಮ್ಮ ಕೆರೆಯ ಏರಿ ಅಲ್ಲ, ಕೆರೆಯೇ! ದೇವಸ್ಥಾನದ ಜಮೀನು ಬೇಡ. ಬ್ರಿಟಿಷರ ಕಾಲದಲ್ಲಿ, 1892ರಿಂದ, ದಲಿತರಿಗೆ ಷರತ್ತಿನ ಮೇಲೆ ಕೊಟ್ಟ ಪಂಚಮಿ ಜಮೀನನ್ನು ಬೇರೆಯವರು ಕೊಳ್ಳುವಂತಿಲ್ಲ.

ಸೆಂಟು, ಗುಂಟೆ, ಅಡಿ

ಹೊಸೂರಿನಲ್ಲಿ ಸೆಂಟಿನ ಲೆಕ್ಕ. ಅತ್ತಿಬೆಲೆ ದಾಟಿದರೆ ಗುಂಟೆ ಲೆಕ್ಕ. ಎಕರೆಗೆ 100 ಸೆಂಟು, 40 ಗುಂಟೆ. ಒಂದು ಗುಂಟೆಗೆ ಎರಡೂವರೆ ಸೆಂಟು. ಒಂದು ಸೆಂಟಿಗೆ 435.6 ಚದರಡಿ. ಪಟ್ಟಾದಲ್ಲಿ ಇವು ಯಾವುದೂ ಇಲ್ಲ, ಹೆಕ್ಟೇರು ಮತ್ತು ಏರ್ಸ್ ಇರುತ್ತದೆ. ಒಂದು ಏರ್ಸ್ ಅಂದರೆ ಸುಮಾರು 2.47 ಸೆಂಟು. ಒಂದು ಎಕರೆ ಅಂದರೆ ಸುಮಾರು 40.5 ಏರ್ಸ್.

ಈಗ ಲೆಕ್ಕ ಮಾಡೋಣ. 30 ಅಡಿ ಅಗಲ, 40 ಅಡಿ ಉದ್ದದ ಸೈಟು. 30 × 40 = 1200 ಚದರಡಿ. ಇದು ಸುಮಾರು 2.75 ಸೆಂಟು. "ಮೂರು ಸೆಂಟು ಅಣ್ಣಾ" ಅಂತ ಮಾರುತ್ತಾರೆ. ಮೂರು ಸೆಂಟು ಅಂದರೆ 1306.8 ಚದರಡಿ. ಸುಮಾರು 107 ಚದರಡಿ ಕಡಿಮೆ ಬಂತು. ಚದರಡಿಗೆ 1,000 ರೂಪಾಯಿ ಅಂತ ಇಟ್ಟುಕೊಂಡರೆ, ಒಂದು ಲಕ್ಷದ ಮೇಲೆ ಹೋಯಿತು. ಟೇಪು ಹಿಡಿದು ನೀವೇ ಅಳೆಯಿರಿ. ಅಳೆದದ್ದು ಪತ್ರದ ಚಕ್ಕುಬಂದಿಗೆ ಹೊಂದಬೇಕು. ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು, ನಿಂತು ನೋಡಿ.

ದುಡ್ಡಿನ ಪ್ರಶ್ನೆಗಳು

"ಖರ್ಚು ಬೇರೆ ಎಷ್ಟು ಆಗ್ತದೆ?" ತಮಿಳುನಾಡಿನಲ್ಲಿ 2023ರ ಜುಲೈನಿಂದ ಕ್ರಯಪತ್ರಕ್ಕೆ ಸ್ಟಾಂಪು ಸುಂಕ ನೂರಕ್ಕೆ 7, ರಿಜಿಸ್ಟ್ರೇಷನ್ ಶುಲ್ಕ ನೂರಕ್ಕೆ 2. ಅಂದರೆ 10 ಲಕ್ಷದ ಸೈಟಿಗೆ 70,000 ಮತ್ತು 20,000, ಒಟ್ಟು 90,000 ರೂಪಾಯಿ. 2025ರ ಏಪ್ರಿಲ್‌ನಿಂದ, 10 ಲಕ್ಷದವರೆಗಿನ ಆಸ್ತಿಯನ್ನು ಹೆಂಗಸರ ಹೆಸರಿಗೆ ರಿಜಿಸ್ಟರ್ ಮಾಡಿಸಿದರೆ ಶುಲ್ಕದಲ್ಲಿ ನೂರಕ್ಕೆ 1 ಕಡಿಮೆ. ಹತ್ತು ಸಾವಿರ ಉಳಿಯುತ್ತದೆ. ಆ ಉಳಿತಾಯಕ್ಕಿಂತ, ಮನೆಯಾಕೆಯ ಹೆಸರಲ್ಲಿ ಒಂದು ಆಸ್ತಿ ಇರುವುದೇ ಒಳ್ಳೆಯದು ಅಂತ ನನಗನ್ನಿಸುತ್ತದೆ. ಪತ್ರ ಬರೆಯುವವರ ಕೂಲಿ, ಬ್ರೋಕರನ ಕಮಿಷನ್ನು ಬೇರೆ. ಬ್ರೋಕರನ ಹತ್ತಿರ ಮೊದಲೇ ಮಾತಾಡಿಕೊಳ್ಳಿ.

"ಖಾಲಿ ಸ್ಟಾಂಪು ಪೇಪರಿನಲ್ಲಿ ಬರೆದುಕೊಟ್ಟರೆ ಸಾಲದಾ?" ಸಾಲದು. "ಪವರ್ ಮೇಲೆ ಕೊಡ್ತೀವಿ" ಅನ್ನುತ್ತಾರೆ. ಪವರ್ ಪತ್ರ ತಗೊಂಡರೆ ಸೈಟು ನಿಮ್ಮದಾಗುವುದಿಲ್ಲ, ಕ್ರಯಪತ್ರ ರಿಜಿಸ್ಟರ್ ಆಗಬೇಕು ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಬೇರೆಯವರ ಪವರ್ ಇಟ್ಟುಕೊಂಡು ಮಾರುತ್ತಿದ್ದರೆ, ಪವರ್ ಕೊಟ್ಟ ಮಾಲೀಕ ಬದುಕಿದ್ದಾನಾ ಅಂತ ನೋಡಿ. ಅವನು ಸತ್ತರೆ ಸಾಮಾನ್ಯ ಪವರ್ ಅಲ್ಲಿಗೆ ಮುಗಿಯಿತು.

ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಡಿ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ಅದಕ್ಕಿಂತ ಮುಖ್ಯ, ನಗದಿಗೆ ಸಾಕ್ಷಿ ಇಲ್ಲ.

ಕೊಳ್ಳುವುದು ಮನೆ ಕಟ್ಟುವುದಕ್ಕಾ, ಆಮೇಲೆ ಮಾರಿ ಲಾಭ ಮಾಡುವುದಕ್ಕಾ? ಇದನ್ನು ಮನೆಯಲ್ಲಿ ಕೂತು ಮಾತಾಡಿ. ಮನೆಗಾದರೆ ನೀರು, ಬಸ್ಸು, ಶಾಲೆ ನೋಡಿ, ಒಂದು ಸಲ ಮಳೆ ಬಂದ ಮಾರನೆಯ ದಿನ ಹೋಗಿ ನೋಡಿ. ಲಾಭಕ್ಕಾದರೆ "ಏರ್‌ಪೋರ್ಟ್ ಬರ್ತದೆ" ಅನ್ನುವ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಹೊಸೂರಿಗೆ 2,000 ಎಕರೆಯಲ್ಲಿ ವಿಮಾನ ನಿಲ್ದಾಣ ಅಂತ ಸರ್ಕಾರ 2024ರ ಜೂನಿನಲ್ಲಿ ಘೋಷಿಸಿದ್ದು ನಿಜ. ಘೋಷಣೆ ಆದ ದಿನದಿಂದ ರೇಟು ಏರಿದರೆ, ಆ ಏರಿದ ರೇಟು ಕೊಡುವವರು ನೀವೇ. ಸರ್ಕಾರ ಸ್ವಾಧೀನ ಮಾಡಿಕೊಳ್ಳುವ ಸರ್ವೆ ನಂಬರಿನಲ್ಲೇ ನಿಮ್ಮ ಸೈಟು ಬಿದ್ದರೆ ಅದು ಇನ್ನೊಂದು ಕಥೆ. ಬಡ್ಡಿ ಸಾಲ ಮಾಡಿ ಲಾಭಕ್ಕೆ ಸೈಟು ಕೊಳ್ಳುವುದು ಕೂಲಿ ಮಾಡುವವರಿಗೆ ಬೇಡ ಅನ್ನುವವನು ನಾನು. ಬ್ಯಾಂಕ್ ಸಾಲ ಕೇಳಿ ನೋಡಿ. ಬ್ಯಾಂಕಿನ ವಕೀಲರು ಕಾಗದ ನೋಡಿ ಬೇಡ ಅಂದರೆ, ನಮಗೂ ಬೇಡ.

"ರಿಜಿಸ್ಟರ್ ಆಯ್ತಲ್ಲ, ಇನ್ನೇನು ಭಯ?" ಮಾರುವವನು ನಿಜವಾದ ಮಾಲೀಕನೇ ಅಂತ ರಿಜಿಸ್ಟರ್ ಆಫೀಸು ಗ್ಯಾರಂಟಿ ಕೊಡುವುದಿಲ್ಲ. ಅದನ್ನು ನೋಡಿಕೊಳ್ಳಬೇಕಾದವರು ನಾವು. ರಿಜಿಸ್ಟರ್ ಆದ ಮೇಲೆ ಪಟ್ಟಾ ನಿಮ್ಮ ಹೆಸರಿಗೆ ಬದಲಾಯಿತಾ ಅಂತ ತಾಲೂಕು ಆಫೀಸಿನಲ್ಲೋ ಇ-ಸೇವೆ ಕೇಂದ್ರದಲ್ಲೋ ವಿಚಾರಿಸಿ. ತುಂಡು ಮಾಡಬೇಕಾದ ಜಾಗವಾದರೆ ಸರ್ವೆಯರು ಬಂದು ಅಳೆಯಬೇಕು. ಬೆನ್ನುಹತ್ತಿ ಮಾಡಿಸಿ.

ತಮಿಳು ಪತ್ರದ ಪದಗಳು

ಮನೈ – ಸೈಟು
ಪುಂಜೈ – ಖುಷ್ಕಿ ಜಮೀನು
ನಂಜೈ – ತರಿ ಜಮೀನು
ನತ್ತಂ – ಊರೊಳಗಿನ ಮನೆಜಾಗ, ಗ್ರಾಮಠಾಣ
ಒತ್ತಿ – ಭೋಗ್ಯ
ಪಾಗಪ್ಪಿರಿವಿನೈ – ಪಾಲುಪಟ್ಟಿ
ವಿಡುತಲೈ – ಹಕ್ಕು ಬಿಡುಗಡೆ

ಅಭ್ಯಾಸ

1. ಕೆಳಗಿನ ಮೂರು ಸಾಲು ಓದಿ. ಯಾವುದು ಹೊಂದುವುದಿಲ್ಲ? ಅದರ ಕೆಳಗೆ ಗೆರೆ ಎಳೆಯಿರಿ.
ಕ್ರಯಪತ್ರ: ಸರ್ವೆ ನಂ. 84/2ಬಿ
ಪಟ್ಟಾ: ಸರ್ವೆ ನಂ. 84/2ಬಿ
ಇ.ಸಿ.: ಸರ್ವೆ ನಂ. 84/3ಬಿ

2. ಒಂದು ಸೈಟು 30 ಅಡಿ ಅಗಲ, 50 ಅಡಿ ಉದ್ದ ಇದೆ. ಎಷ್ಟು ಚದರಡಿ? "ಮೂರೂವರೆ ಸೆಂಟು" ಅಂತ ಹೇಳಿ ಮಾರಿದರೆ ಎಷ್ಟು ಚದರಡಿ ಕಡಿಮೆ ಬಂತು?

3. ನಿಮ್ಮ ಮನೆಯ ಪಟ್ಟಾ ತೆಗೆದು ನೋಡಿ. ಸರ್ವೆ ನಂಬರನ್ನೂ ಯಾರ ಹೆಸರಲ್ಲಿದೆ ಅನ್ನುವುದನ್ನೂ ನೋಟ್ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಂಡು ಮುಂದಿನ ತರಗತಿಗೆ ತನ್ನಿ. ಪಟ್ಟಾ ಮಾತ್ರ ಮನೆಯಲ್ಲೇ ಇಟ್ಟು ಬನ್ನಿ.