ದೂರದರ್ಶನದ ವ್ಯಕ್ತಿಗಳೂ ನೋಡುಗರ ಒಲವೂ

ಮನುಷ್ಯನು ಸಂಘಜೀವಿ. ಅವನಿಗೆ ನೆರೆಹೊರೆ ಬೇಕು, ಮಾತು ಬೇಕು, ತನ್ನ ಮನೆಯ ಬಾಗಿಲಿಗೆ ಬಂದು ‘ಹೇಗಿದ್ದೀರಿ?’ ಎಂದು ಕೇಳುವವರು ಬೇಕು. ಹಿಂದೆ ಹರಿಕಥೆಯ ದಾಸರೂ ಯಕ್ಷಗಾನ ಬಯಲಾಟಗಳ ಭಾಗವತರೂ ವರ್ಷಕ್ಕೊಮ್ಮೆ ಊರಿಗೆ ಬಂದು ಈ ಕೊರತೆಯನ್ನು ತುಂಬುತ್ತಿದ್ದರು. ಇಂದು ದೂರದರ್ಶನದ ಪೆಟ್ಟಿಗೆಯ ಮೂಲಕ ದಿನವೂ ಹತ್ತಾರು ಜನ ಹೇಳದೆ ಕೇಳದೆ ನಮ್ಮ ಪಡಸಾಲೆಗೆ ಬರುತ್ತಾರೆ. ಅವರಲ್ಲಿ ಕೆಲವರನ್ನು ನಾವು ಮನೆಯವರಂತೆ ಬರಮಾಡಿಕೊಳ್ಳುತ್ತೇವೆ. ಮತ್ತೆ ಕೆಲವರ ಮುಖ ಕಂಡೊಡನೆ ಗುಂಡಿ ಒತ್ತಿ ಬೇರೆಡೆಗೆ ಹೋಗುತ್ತೇವೆ. ಈ ಒಲವಿಗೂ ಬೇಸರಕ್ಕೂ ಕಾರಣವೇನು? ನನ್ನ ಅಲ್ಪಮತಿಗೆ ತೋರಿದಷ್ಟನ್ನು ಸಹಪಾಠಿಗಳ ಮತ್ತು ಗುರುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಒಂದೆರಡು ಇತಿಹಾಸದ ಮಾತು. ನಮ್ಮ ದೇಶದಲ್ಲಿ ದೂರದರ್ಶನ ಪ್ರಯೋಗರೂಪದಲ್ಲಿ ಆರಂಭವಾದುದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ. 1975-76ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಒಂದು ವರ್ಷ ಕಾರ್ಯಕ್ರಮಗಳನ್ನು ತಲುಪಿಸಿದಾಗ ಕರ್ನಾಟಕದ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದುವು. 1981ರಲ್ಲಿ ಬೆಂಗಳೂರು ಕೇಂದ್ರವೂ 1994ರಲ್ಲಿ ಖಾಸಗಿ ವಾಹಿನಿಯಾದ ಉದಯವೂ ಬಂದುವು. ಅಂದಿನಿಂದ ಮುಖಗಳಿಗೆ ಬರವಿಲ್ಲ. ಆರಿಸಿಕೊಳ್ಳುವ ಅಧಿಕಾರ ನೋಡುಗನ ಕೈಗೆ ಬಂದಿದೆ.

ರೂಪವೇ ಮೆಚ್ಚುಗೆಗೆ ಕಾರಣವೆಂದು ಹಲವರು ಹೇಳುತ್ತಾರೆ. ಇದನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. 1960ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಯ ಅಭ್ಯರ್ಥಿಗಳಾದ ಕೆನಡಿ ಮತ್ತು ನಿಕ್ಸನ್ ದೂರದರ್ಶನದಲ್ಲಿ ಮೊದಲ ಸಲ ವಾದಕ್ಕೆ ನಿಂತಾಗ, ಆಸ್ಪತ್ರೆಯಿಂದ ಬಂದು ಹೆಚ್ಚು ದಿನವಾಗಿರದ ನಿಕ್ಸನ್ನರು ಬಳಲಿದವರಂತೆಯೂ ಕೆನಡಿಯವರು ಲವಲವಿಕೆಯಿಂದಿದ್ದಂತೆಯೂ ಕಂಡರೆಂಬುದು ಪ್ರಸಿದ್ಧವಾದ ಸಂಗತಿ. ಆದರೆ ರೂಪ ಬಾಗಿಲು ತೆರೆಯಬಲ್ಲುದೇ ಹೊರತು ಮಣೆ ಹಾಕಿ ಕೂರಿಸಲಾರದು. ದಿನವೂ ನೋಡುವ ಮುಖದ ಚೆಲುವು ವಾರದೊಳಗೆ ಹಳತಾಗುತ್ತದೆ. ಆಮೇಲೆ ಉಳಿಯುವುದು ನಡತೆ.

1956ರಲ್ಲಿ ಅಮೆರಿಕದ ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರು ವಿದ್ವಾಂಸರು ಈ ವಿಷಯದಲ್ಲಿ ಒಂದು ಪ್ರಬಂಧವನ್ನು ಬರೆದರು. ಪರದೆಯ ಮೇಲಿನ ವ್ಯಕ್ತಿ ನೇರವಾಗಿ ನಮ್ಮನ್ನೇ ನೋಡಿ ಮಾತನಾಡುವುದರಿಂದ ನಮಗೆ ಅವನ ಪರಿಚಯವಿದ್ದಂತೆ ಭಾಸವಾಗುತ್ತದೆ; ಇದು ಒಂದು ಕಡೆಯಿಂದ ಮಾತ್ರ ಬೆಳೆಯುವ ಸ್ನೇಹ, ಆದರೂ ನೋಡುಗನಿಗೆ ಅದು ಸ್ನೇಹದಂತೆಯೇ ತೋರುತ್ತದೆ ಎಂಬುದು ಅವರ ಅಭಿಪ್ರಾಯದ ಸಾರ. ಸಮಾಜಶಾಸ್ತ್ರದ ವಿದ್ಯಾರ್ಥಿನಿಯಾದ ನನಗೆ ಇದು ಒಪ್ಪಿಗೆಯಾಯಿತು. ಆದರೆ ಒಂದು ಸಂದೇಹ ಉಳಿಯಿತು. ಎಲ್ಲರೂ ನಮ್ಮನ್ನೇ ನೋಡಿ ಮಾತನಾಡುವಾಗ, ಕೆಲವರು ಮಾತ್ರ ಸ್ನೇಹಿತರಾಗುವುದು ಹೇಗೆ?

ಇದಕ್ಕೆ ಉತ್ತರ ನನಗೆ ದೊರೆತುದು ನಮ್ಮೂರಿನಲ್ಲಿ. ನಮ್ಮೂರು ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿ. ಅಡಿಕೆಯ ಸುಗ್ಗಿಯಲ್ಲಿ ಖೇಣಿ ಹಿಡಿದವರ ಅಂಗಳದಲ್ಲಿ ಹೆಂಗಸರು ಸಾಲಾಗಿ ಕುಳಿತು ರಾತ್ರಿಯವರೆಗೂ ಅಡಿಕೆ ಸುಲಿಯುವುದುಂಟು. ಈಗ ಯಂತ್ರಗಳು ಬಂದಿವೆಯಾದರೂ ಕೈಸುಲಿತ ಪೂರ್ತಿಯಾಗಿ ನಿಂತಿಲ್ಲ. ನನ್ನ ಅವ್ವ ಹೀಗೆ ಸುಲಿದೇ ನನ್ನ ಶುಲ್ಕ ಕಟ್ಟಿದವಳು. ರಜೆಯಲ್ಲಿ ನಾನೂ ಕತ್ತಿಯ ಮುಂದೆ ಕುಳಿತಿದ್ದೇನೆ. ಕೆಲಸದ ಬೇಸರ ಕಳೆಯಲೆಂದು ಒಡೆಯರು ಜಗುಲಿಯ ಮೇಲೆ ಟಿ.ವಿ. ಇಡುತ್ತಿದ್ದರು. ಕತ್ತಿಯ ಮೇಲೆ ಕಣ್ಣಿಟ್ಟ ಹೆಂಗಸರು ಪರದೆಯನ್ನು ನೋಡುವುದು ಕಡಿಮೆ, ಕೇಳುವುದೇ ಹೆಚ್ಚು. ಒಂದು ದಿನ ಅವ್ವ ‘ಥಟ್ ಅಂತ ಹೇಳಿ’ ಕಾರ್ಯಕ್ರಮವನ್ನು ಕೇಳುತ್ತ, “ಈಯಪ್ಪ ಯಾರ್ನೂ ಜರಿಯಲ್ಲ ನೋಡು. ಗೊತ್ತಿಲ್ಲ ಅಂದ್ರೂ ನಗಲ್ಲ” ಎಂದಳು. ನಾನು ಓದಿದ ಪ್ರಬಂಧ ಬಿಡಿಸದ ಗಂಟನ್ನು ಅವ್ವನ ಈ ಮಾತು ಬಿಡಿಸಿತು.

ನಾವು ನಿರೂಪಕನನ್ನು ಅಳೆಯುವುದು ಅವನು ನಮ್ಮೊಡನೆ ಆಡುವ ಮಾತಿನಿಂದಲ್ಲ. ಅವನ ಎದುರು ನಿಂತವರೊಡನೆ, ಅದರಲ್ಲಿಯೂ ಅವನಿಗಿಂತ ಕೆಳಗೆ ನಿಂತವರೊಡನೆ, ಅವನು ನಡೆದುಕೊಳ್ಳುವ ರೀತಿಯಿಂದ. ಏಕೆಂದರೆ ನೋಡುಗನು ಮನಸ್ಸಿನಲ್ಲಿ ಕುಳಿತುಕೊಳ್ಳುವುದು ನಿರೂಪಕನ ಕುರ್ಚಿಯಲ್ಲಲ್ಲ, ಸ್ಪರ್ಧಿಯ ಕುರ್ಚಿಯಲ್ಲಿ.

ಇದಕ್ಕೆ ಕೆಲವು ನಿದರ್ಶನಗಳನ್ನು ಕೊಡಬಹುದು. ಚಂದನ ವಾಹಿನಿಯಲ್ಲಿ 2002ರಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’ ಮೂರು ಸಾವಿರ ಕಂತುಗಳನ್ನು ದಾಟಿದೆ. ನಡೆಸಿಕೊಡುವ ನಾ. ಸೋಮೇಶ್ವರ ಅವರು ವೃತ್ತಿಯಿಂದ ವೈದ್ಯರು. ಅಲ್ಲಿ ಕೋಟಿ ರೂಪಾಯಿಯ ಆಮಿಷವಿಲ್ಲ, ಕಣ್ಣು ಕೋರೈಸುವ ದೀಪಗಳಿಲ್ಲ. ಸರಿಯುತ್ತರಕ್ಕೆ ಬಹುಮಾನ ಪುಸ್ತಕ. ತಪ್ಪು ಹೇಳಿದವರನ್ನು ಅವರು ಸಣ್ಣವರನ್ನಾಗಿ ಮಾಡದೆ ಸರಿಯುತ್ತರವನ್ನು ವಿವರಿಸಿ ಮುಂದೆ ಸಾಗುತ್ತಾರೆ. ಉತ್ತಮ ಉಪಾಧ್ಯಾಯರ ಲಕ್ಷಣವೂ ಇದೇ ಅಲ್ಲವೆ?

‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮದ ಹಳೆಯ ಕಂತುಗಳನ್ನು ನಾನು ಮೊಬೈಲಿನಲ್ಲಿ ನೋಡಿದ್ದೇನೆ. ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರ ಮನೆಮಾತು ತೆಲುಗು. ಆದರೂ 2020ರಲ್ಲಿ ಅವರು ತೀರಿಕೊಂಡಾಗ ಕನ್ನಡದ ಮನೆಗಳು ತಮ್ಮವರನ್ನು ಕಳೆದುಕೊಂಡಂತೆ ದುಃಖಿಸಿದುವು. ಎಳೆಯ ಗಾಯಕರು ತಪ್ಪಿದಾಗ ಅವರು ಮೊದಲು ಇದ್ದ ಗುಣವನ್ನು ಮೆಚ್ಚಿ, ಅನಂತರ ತಪ್ಪಿದ ಸ್ಥಳವನ್ನು ತಾವೇ ಹಾಡಿ ತಿದ್ದುತ್ತಿದ್ದರು. ತಪ್ಪನ್ನು ಮುಚ್ಚಿಡುತ್ತಿರಲಿಲ್ಲ, ತಪ್ಪಿದವರನ್ನು ನೋಯಿಸುತ್ತಲೂ ಇರಲಿಲ್ಲ. 2012ರಲ್ಲಿ ‘ಕನ್ನಡದ ಕೋಟ್ಯಧಿಪತಿ’ಯನ್ನು ನಡೆಸಿಕೊಟ್ಟ ಪುನೀತ್ ರಾಜ್‌ಕುಮಾರ್ ಅವರು ದೊಡ್ಡ ನಟರಾಗಿದ್ದರೂ ಹಳ್ಳಿಯಿಂದ ಬಂದವರೊಡನೆ ಮನೆಮಗನಂತೆ ಮಾತನಾಡಿದರು. 2024ರ ಜುಲೈಯಲ್ಲಿ ನಿಧನರಾದ ಅಪರ್ಣಾ ಅವರ ಕನ್ನಡವಂತೂ ಓದು ಬಾರದವರಿಗೂ ಅರ್ಥವಾಗುವಷ್ಟು ತಿಳಿಯಾಗಿತ್ತು. ಶುದ್ಧವಾದ ಭಾಷೆಯನ್ನು ಬಿಗುಮಾನವಿಲ್ಲದೆ ಆಡಬಹುದೆಂಬುದಕ್ಕೆ ಅವರೇ ಸಾಕ್ಷಿ.

ಹಾಗಾದರೆ ಮೆಚ್ಚುಗೆ ಪಡೆಯಲು ಸದಾ ಮೆದುವಾಗಿರಬೇಕೆ? ಇಲ್ಲ. 2013ರಿಂದ ‘ಬಿಗ್ ಬಾಸ್’ ನಡೆಸಿಕೊಂಡು ಬಂದಿರುವ ಸುದೀಪ್ ಅವರು ವಾರದ ಕೊನೆಯಲ್ಲಿ ಸ್ಪರ್ಧಿಗಳನ್ನು ಗದರಿಸುವುದುಂಟು. ಜನ ಅದನ್ನೂ ಮೆಚ್ಚುತ್ತಾರೆ. ಇನ್ನೊಬ್ಬರನ್ನು ನೋಯಿಸಿದವನಿಗೆ ಬುದ್ಧಿ ಹೇಳಿದರೆ ಅದು ನ್ಯಾಯವೆನಿಸುತ್ತದೆ. ಬಾಯಿಲ್ಲದವನ ಮೇಲೆ ಅದೇ ದನಿ ಎತ್ತಿದರೆ ದರ್ಪವೆನಿಸುತ್ತದೆ. ದನಿಯೊಂದೇ ಆದರೂ ಅದು ಯಾರ ಕಡೆಗೆ ತಿರುಗಿದೆ ಎಂಬುದು ಮುಖ್ಯ.

ಇನ್ನು ತಪ್ಪುಗಳ ವಿಷಯ. 1966ರಲ್ಲಿ ಅರಾನ್ಸನ್ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಂಗಡಿಗರೂ ಒಂದು ಪರೀಕ್ಷೆ ನಡೆಸಿದರು. ರಸಪ್ರಶ್ನೆಯ ಸ್ಪರ್ಧಿಯೊಬ್ಬನ ಧ್ವನಿಮುದ್ರಿಕೆಯನ್ನು ವಿದ್ಯಾರ್ಥಿಗಳಿಗೆ ಕೇಳಿಸಲಾಯಿತು. ಬಹಳ ಜಾಣನಾದವನು ಕೊನೆಯಲ್ಲಿ ಮೈಮೇಲೆ ಕಾಫಿ ಚೆಲ್ಲಿಕೊಂಡನೆಂದು ಕೇಳಿದಾಗ ಅವರಿಗೆ ಅವನ ಮೇಲಿನ ಪ್ರೀತಿ ಹೆಚ್ಚಿತು. ಸಾಧಾರಣನಾದವನು ಚೆಲ್ಲಿಕೊಂಡಾಗ ಕಡಿಮೆಯಾಯಿತು. ಇದರಿಂದ ನಾವು ಕಲಿಯುವುದು ಎರಡು. ಬಲ್ಲವನು ತನ್ನ ಸಣ್ಣ ಎಡವಟ್ಟನ್ನು ಮುಚ್ಚಿಕೊಳ್ಳಬೇಕಾಗಿಲ್ಲ, ಅದರಿಂದ ಅವನು ನಮಗೆ ಹತ್ತಿರವಾಗುತ್ತಾನೆ. ಆದರೆ ಸಾಮಾನ್ಯನ ತಪ್ಪಿಗೆ ಲೋಕ ಅಷ್ಟು ಉದಾರವಲ್ಲ. ಆದುದರಿಂದಲೇ ಸಾಮಾನ್ಯನ ತಪ್ಪನ್ನು ಕಾಪಾಡುವ ಹೊಣೆ ಬಲ್ಲವನ ಮೇಲಿದೆ.

ಬೇಸರ ಹುಟ್ಟಿಸುವವರ ಲಕ್ಷಣಗಳೂ ಇದರಿಂದ ಸ್ಪಷ್ಟವಾಗುತ್ತವೆ. ಅತಿಥಿಯನ್ನು ಕರೆಸಿ ಅವನಿಗೆ ಮಾತನಾಡಲು ಬಿಡದವರು. ಹಳ್ಳಿಯವರ ನುಡಿಯನ್ನೂ ಉಡುಪನ್ನೂ ನಗೆಯ ಸರಕು ಮಾಡುವವರು. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಧ್ವನಿವರ್ಧಕ ಹಿಡಿದು ‘ನಿಮಗೆ ಏನನ್ನಿಸುತ್ತಿದೆ?’ ಎನ್ನುವವರು; ಕನ್ನಡದ ಒಂದು ವಾಕ್ಯಕ್ಕೆ ಮೂರು ಇಂಗ್ಲಿಷ್ ಪದಗಳನ್ನು ತುರುಕಿ ಕೇಳುವವರನ್ನು ಹೊರಗೆ ನಿಲ್ಲಿಸುವವರು. ಇಂಥವರನ್ನೂ ಜನ ನೋಡುವುದುಂಟು. ಬೀದಿಯಲ್ಲಿ ಜಗಳವಾದರೆ ಎಲ್ಲರೂ ನಿಂತು ನೋಡುತ್ತಾರೆ. ಆದರೆ ಜಗಳವಾಡಿದವರನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ. ನೋಡುವುದು ಬೇರೆ, ಮೆಚ್ಚುವುದು ಬೇರೆ.

ಇಷ್ಟು ಹೇಳಿದ ಮೇಲೆ ನನ್ನದೇ ಒಂದು ಮಾತನ್ನು ಹೇಳದಿದ್ದರೆ ಈ ಲೇಖನ ಪ್ರಾಮಾಣಿಕವಾಗಲಾರದು. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಪರದೆಯ ಮೇಲಿನ ಪ್ರಶ್ನೆಗಳಿಗೆ ತಾನೂ ಗಟ್ಟಿಯಾಗಿ ಉತ್ತರ ಹೇಳುವುದು ಅವಳ ರೂಢಿ. ಪುರಾಣ, ಬೆಳೆ, ಗಾದೆಗಳ ಪ್ರಶ್ನೆಯಾದರೆ ನನಗಿಂತ ಮೊದಲೇ ಹೇಳುತ್ತಿದ್ದಳು. ಕಳೆದ ವರ್ಷ ಕಾಲೇಜಿನ ಗೆಳತಿಯರು ಮನೆಗೆ ಬಂದಿದ್ದ ದಿನ, ಒಂದು ಪ್ರಶ್ನೆಗೆ ಅವಳು ಹಿಗ್ಗಿನಿಂದ “ರಾಸ್ಟಪತಿ ಬವನ!” ಎಂದಳು. ನಾನು ನಕ್ಕು, “ಅವ್ವಾ, ರಾಸ್ಟಪತಿ ಅಲ್ಲ, ರಾಷ್ಟ್ರಪತಿ” ಎಂದು ಎರಡು ಸಲ ತಿದ್ದಿದೆ. ಗೆಳತಿಯರೂ ನಕ್ಕರು. ಉತ್ತರ ಸರಿಯಾಗಿತ್ತು, ನಾನು ನಕ್ಕದ್ದು ಉಚ್ಚಾರಣೆಗೆ. ಆ ದಿನದಿಂದ ಅವ್ವ ಪರದೆಯ ಮುಂದೆ ಬಾಯಿ ಬಿಡುವುದನ್ನು ನಿಲ್ಲಿಸಿದಳು. ನಾನಾಗಿ ಕೇಳಿದರೆ, “ನಂಗೇನ್ ಗೊತ್ತಮ್ಮ, ನೀನು ಓದಿರೋಳು” ಎನ್ನುತ್ತಾಳೆ.

ಪರದೆಯ ಮೇಲೆ ಯಾರು ಹಾಗೆ ಮಾಡಿದ್ದರೂ ನಾನು ಅವರನ್ನು ದರ್ಪಿಷ್ಠರೆಂದು ಕರೆಯುತ್ತಿದ್ದೆ. ನಮ್ಮ ಮನೆತನದಲ್ಲಿ ಪದವಿಯ ಹೊಸಿಲಿಗೆ ಬಂದವಳು ನಾನೊಬ್ಬಳೇ. ಓದು ನನಗೆ ಕೊಟ್ಟ ಎತ್ತರದಲ್ಲಿ ನಿಂತು ನಾನು ಮೊದಲು ಮಾಡಿದ ಕೆಲಸ, ಆ ಎತ್ತರಕ್ಕೆ ನನ್ನನ್ನು ಹತ್ತಿಸಿದವಳ ಬಾಯಿ ಮುಚ್ಚಿಸಿದ್ದು. ಈಗ ಕಾರ್ಯಕ್ರಮದ ಹೊತ್ತಿಗೆ ನಾನು ಅವಳ ಪಕ್ಕದಲ್ಲಿ ಕುಳಿತು, ಗೊತ್ತಿದ್ದರೂ ಸುಮ್ಮನಿರುತ್ತೇನೆ. ಮೊನ್ನೆ ಭತ್ತದ ತಳಿಯ ಪ್ರಶ್ನೆಯೊಂದಕ್ಕೆ ಅವಳ ತುಟಿ ಅಲುಗಿತು. ದನಿ ಇನ್ನೂ ಹೊರಗೆ ಬಂದಿಲ್ಲ.

ನಮ್ಮ ಕಾಲೇಜಿನಲ್ಲಿ ನನ್ನಂತೆ ಮನೆಯಿಂದ ಮೊದಲ ಸಲ ಪದವಿಗೆ ಬಂದವರು ಅನೇಕರಿದ್ದಾರೆ. ನಾಳೆ ನಾವು ಉಪಾಧ್ಯಾಯರೋ ಗುಮಾಸ್ತರೋ ಅಧಿಕಾರಿಗಳೋ ಆಗುವೆವು. ನಮ್ಮ ಮೇಜಿನ ಎದುರು ಮಾತು ತಡವರಿಸುವ ಒಬ್ಬರು ನಿಲ್ಲುವುದು ಖಂಡಿತ. ಮೇಜಿನ ಮೇಲೆ ಕ್ಯಾಮೆರಾ ಇಲ್ಲದಿರಬಹುದು. ಆದರೂ ನಮ್ಮನ್ನು ನೋಡುವವರು ಇದ್ದೇ ಇರುತ್ತಾರೆ. ತನ್ನ ಮುಂದೆ ನಿಂತವರ ಬಾಯಿ ಬಿಡಿಸುವವನು ಪ್ರಿಯನಾಗುತ್ತಾನೆ, ಮುಚ್ಚಿಸುವವನು ಬೇಡವಾಗುತ್ತಾನೆ. ದೂರದರ್ಶನದಿಂದ ನಾನು ಕಲಿತ ಪಾಠ ಇಷ್ಟೇ. ತಪ್ಪಿದ್ದಲ್ಲಿ ಗುರುಗಳು ತಿದ್ದಬೇಕಾಗಿ ವಿನಂತಿ.